ನಮ್ಮೂರ ವಸ್ತಿ ಬಸ್ಸಿನ ಮಾಡೆಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಡೆಯ ಟ್ರಿಪ್ಪಿಗೆ ಊರಿಗೆ ಬಂದು, ರಾತ್ರಿ ಹನುಮಪ್ಪನ ಗುಡಿ ಮುಂದೆ ನಿಂತು, ನಸುಕಿನಲ್ಲಿ ತಾಲೂಕಿನ ದಾರಿ ಹಿಡಿಯುತ್ತಿದ್ದ ಕೆಂಪು ಬಸ್ಸು ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಬೆಳೆದವರಿಗೆಲ್ಲ ಗೊತ್ತು. ಆ ಬಸ್ಸನ್ನು ಅಳತೆಗೆ ಸರಿಯಾಗಿ ಸಣ್ಣದು ಮಾಡಿ ಕಟ್ಟುವ ಕೆಲಸ ನನ್ನದು. ನಾನಿರುವುದು ಬಾಗಲಕೋಟೆಯಲ್ಲಿ. ತಾವೂ ಒಂದು ಕಟ್ಟಬೇಕೆಂದು ಬರುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ. ಮಕ್ಕಳ ಆಟಕ್ಕೆ ಬಸ್ಸು ಮಾಡುವವರಿಗೆ ಇಷ್ಟೆಲ್ಲ ಬೇಕಾಗಿಲ್ಲ. ಊರಿನ ಹಿರಿಯರು ನೋಡಿದ ಕೂಡಲೇ "ಇದು ನಮ್ಮ ಗಾಡಿನೇ" ಅನ್ನಬೇಕು ಎನ್ನುವವರಿಗಾಗಿ ಇದು.

ಎಲ್ಲಿಂದ ಶುರು ಮಾಡಬೇಕು? ಮೊದಲು ಏನೇನು ಸಾಮಾನು ತರಬೇಕು?

ಸಾಮಾನು ಆಮೇಲೆ ತಂದರಾಯಿತು. ಮೊದಲು ಇಸವಿ ಗಟ್ಟಿ ಮಾಡಿಕೊಳ್ಳಿ. "ನಾನು ಸಾಲಿಗೆ ಹೋಗುವಾಗಿನ ಬಸ್ಸು" ಎಂದರೆ ಸಾಲದು. ಐದನೇ ಇಯತ್ತೆಯಲ್ಲಿದ್ದಾಗಲೋ ಹತ್ತನೇ ಇಯತ್ತೆಯಲ್ಲಿದ್ದಾಗಲೋ? ಬಸ್ಸಿನ ಮೈಮೇಲಿನ ಬರಹವೆಲ್ಲ ಇಸವಿಯ ಮೇಲೆ ನಿಂತಿದೆ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಅದಕ್ಕೂ ಹಿಂದಿನ ಗಾಡಿಯಾದರೆ ಮೈಸೂರು ರಾಜ್ಯದ ಹೆಸರೇ ಬರಬೇಕು. 1997ರ ನವೆಂಬರ್ 1ರವರೆಗೆ ನಮ್ಮ ಕಡೆ ಓಡಿದ್ದು ಕೆಎಸ್‌ಆರ್‌ಟಿಸಿ. ಆಮೇಲೆ ಹುಬ್ಬಳ್ಳಿ ಕೇಂದ್ರವಾಗಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಆಯಿತು. ವಿಜಯಪುರ ವಿಭಾಗ ಈಗ ಕಲಬುರಗಿ ಕೇಂದ್ರದ ಸಂಸ್ಥೆಯಲ್ಲಿದೆ. ಆ ಸಂಸ್ಥೆ ಹುಟ್ಟಿದ್ದು 2000ದಲ್ಲಿ. ಆಗ ಅದಕ್ಕೆ ಈಶಾನ್ಯ ಕರ್ನಾಟಕ ಎಂದಿತ್ತು, ಈಗ ಕಲ್ಯಾಣ ಕರ್ನಾಟಕ.

ನಂಬರ್ ಪ್ಲೇಟಿನ ಲೆಕ್ಕವೂ ಹಾಗೆಯೇ. 'ಕೆಎ' ಎಂದು ಶುರುವಾಗುವ ಈಗಿನ ಪದ್ಧತಿ ಬಂದದ್ದು 1989ರಲ್ಲಿ. 1985ರ ಬಸ್ಸಿಗೆ ಕೆಎ ಪ್ಲೇಟು ಹಾಕಿದರೆ ತಿಳಿದವರು ಅಲ್ಲೇ ಕೈಬಿಡುತ್ತಾರೆ. ಬೆಳಗಾವಿಗೆ 22, ಚಿಕ್ಕೋಡಿಗೆ 23, ವಿಜಯಪುರಕ್ಕೆ 28, ಬಾಗಲಕೋಟೆಗೆ 29. ಸಾರಿಗೆ ಸಂಸ್ಥೆಯ ಗಾಡಿಯಾದರೆ ಆಮೇಲೆ 'ಎಫ್'. ಊರ ಬೋರ್ಡಿನಲ್ಲೂ ಎಚ್ಚರ ಬೇಕು. ವಿಜಯಪುರ ಎಂಬ ಹೆಸರು ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಮೊದಲಿನ ಗಾಡಿಯ ಬೋರ್ಡು 'ಬಿಜಾಪುರ' ಎಂದೇ ಇರಬೇಕು.

ನಮ್ಮೂರ ಗಾಡಿದು ಒಂದೂ ಫೋಟೋ ಇಲ್ರಿ. ಏನ್ ಮಾಡೂದು?

ಫೋಟೋ ಇರುತ್ತದೆ. ಬಸ್ಸಿನ ಫೋಟೋ ಎಂದು ಯಾರೂ ತೆಗೆಸಿರುವುದಿಲ್ಲ, ಅಷ್ಟೇ. ಮದುವೆಗೆ ಬಸ್ಸು ಮಾಡಿಕೊಂಡು ಹೋದಾಗಿನ ಅಲ್ಬಮ್ಮಿನ ಕಡೆಯ ಪುಟ ನೋಡಿ, ಬೀಗರ ಹಿಂದೆ ಅರ್ಧ ಬಸ್ಸು ನಿಂತಿರುತ್ತದೆ. ಶಾಲೆಯ ಟ್ರಿಪ್ಪಿನ ಫೋಟೋ ನೋಡಿ. ಗೋಳಗುಮ್ಮಟ, ಬಾದಾಮಿ, ಪಟ್ಟದಕಲ್ಲು ಎಲ್ಲಿಗೆ ಹೋದರೂ ಮಾಸ್ತರರು ಹುಡುಗರನ್ನು ಗಾಡಿ ಮುಂದೆಯೇ ಸಾಲಾಗಿ ನಿಲ್ಲಿಸುತ್ತಿದ್ದರು. ಬನಶಂಕರಿ ಜಾತ್ರೆ, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋದಾಗಿನ ಫೋಟೋಗಳೂ ಇರುತ್ತವೆ. ಎಲ್ಲಕ್ಕಿಂತ ಚಲೋ ಫೋಟೋ ಸಿಗುವುದು ಊರಿಗೆ ಮೊದಲ ಸಲ ಬಸ್ಸು ಬಂದ ದಿನದ್ದು: ಬಾಳೆಕಂಬ, ಮಾಲೆ, ತೆಂಗಿನಕಾಯಿ, ಮುಂದೆ ಪಂಚಾಯ್ತಿಯವರು. ಮಾಲೆಯಿಂದ ಮುಂಭಾಗ ಮುಚ್ಚಿದ್ದರೂ ದೀಪ, ಗಾಜು, ಬಂಪರ್ ಎಲ್ಲೆಲ್ಲಿದ್ದವು ಎಂಬುದು ಅದರಲ್ಲಿ ತಿಳಿಯುತ್ತದೆ.

ಫೋಟೋದಷ್ಟೇ ಮುಖ್ಯ ಮನುಷ್ಯರು. ನಿವೃತ್ತ ಡ್ರೈವರ್, ಕಂಡಕ್ಟರ್, ಡಿಪೋ ಮೆಕ್ಯಾನಿಕ್ ಪ್ರತಿ ಊರಿನ ಸುತ್ತಮುತ್ತ ಇದ್ದಾರೆ. ಅವರ ಬಳಿ ಬರಿಗೈಯಲ್ಲಿ ಹೋಗಿ "ಬಸ್ಸು ಹೆಂಗಿತ್ರಿ ಕಾಕಾ?" ಎಂದರೆ "ಚಲೋ ಇತ್ತಪಾ" ಎಂಬ ಉತ್ತರ ಬರುತ್ತದೆ. ರಟ್ಟಿನಲ್ಲಿ ಬಸ್ಸಿನ ಒಂದು ಬದಿಯನ್ನು ಕತ್ತರಿಸಿಕೊಂಡು ಹೋಗಿ ಅವರ ಕೈಗೆ ಕೊಡಿ, ಜೊತೆಗೊಂದು ಪೆನ್ಸಿಲ್ಲು. ರಟ್ಟು ಕೈಗೆ ಬಂದ ಕೂಡಲೇ ಅವರೇ ತಿದ್ದಲು ಶುರು ಮಾಡುತ್ತಾರೆ: "ಬಾಗಲಾ ಇಷ್ಟು ಮುಂದ ಇರಲಿಲ್ಲ", "ನಿಚ್ಚಣಿಕಿ ಈ ಕಡಿ". ಡ್ರೈವರಿಗೆ ಗೇರಿನ ಉದ್ದ, ರಬ್ಬರ್ ಚಂಡಿನ ಹಾರ್ನು, ಕನ್ನಡಿ ನೆನಪಿರುತ್ತದೆ. ಕಂಡಕ್ಟರಿಗೆ ಬಾಗಿಲು, ಮೆಟ್ಟಿಲು, ಹಿಂದಿನ ಉದ್ದ ಸೀಟು. ಮೆಕ್ಯಾನಿಕ್ಕಿಗೆ ಹೊಟ್ಟೆಯ ಕೆಳಗಿನದೆಲ್ಲ. ಯಾರನ್ನು ಏನು ಕೇಳಬೇಕು ಎಂದು ತಿಳಿದು ಕೇಳಿ. ಇಬ್ಬರ ಮಾತು ಬೇರೆಯಾದರೆ ಎರಡನ್ನೂ ಬರೆದಿಡಿ, ಫೋಟೋ ಸಿಗುವವರೆಗೆ ತೀರ್ಮಾನ ಬೇಡ.

ಈ ಕೆಲಸ ಮೊದಲು ಮಾಡಿ ಎಂದು ಕೈಮುಗಿದು ಹೇಳುತ್ತೇನೆ. ಎಪ್ಪತ್ತರ, ಎಂಬತ್ತರ ದಶಕದಲ್ಲಿ ಗಾಡಿ ಹೊಡೆದವರಿಗೆ ಈಗ ವಯಸ್ಸಾಗಿದೆ. ಬಾಡಿ ಕಟ್ಟಲು ಬೇಕಾದ ಸನ್‌ಬೋರ್ಡು (ಹಗುರ ಪ್ಲಾಸ್ಟಿಕ್ ಫೋಮಿನ ಹಲಗೆ) ಮುಂದಿನ ವರ್ಷವೂ ಸಿಗುತ್ತದೆ.

ಫೋಟೋ ಒಂದು ಹೇಳತೈತಿ, ನನ್ನ ನೆನಪು ಒಂದು ಹೇಳತೈತಿ. ಯಾವುದು ಖರೆ?

ಆಕಾರ, ಅಳತೆ, ಎಣಿಕೆಯ ವಿಷಯದಲ್ಲಿ ಫೋಟೋವನ್ನು ನಂಬಿ. ಸಣ್ಣವರಿದ್ದಾಗ ನೋಡಿದ ಮೆಟ್ಟಿಲು ನೆನಪಿನಲ್ಲಿ ಯಾವಾಗಲೂ ಎತ್ತರವಾಗಿಯೇ ಇರುತ್ತದೆ, ಗಾಲಿ ದೊಡ್ಡದಾಗಿಯೇ ಇರುತ್ತದೆ. ಆದರೆ ಫೋಟೋ ಹೇಳದ ಸಂಗತಿಗಳಿವೆ: ಯಾವ ಸೀಟಿನ ರೆಕ್ಸಿನ್ ಹರಿದಿತ್ತು, ಯಾವ ಕಿಟಕಿ ಏರುತ್ತಿರಲಿಲ್ಲ, ಗಾಡಿ ಯಾವ ಕಡೆ ವಾಲುತ್ತಿತ್ತು. ಇಂಥವಕ್ಕೆ ನಿಮ್ಮ ನೆನಪೇ ದಾಖಲೆ.

ಇನ್ನೊಂದು ಮಾತು. ಡಿಪೋದವರು ಗಾಡಿ ಬದಲಿಸುತ್ತಲೇ ಇರುತ್ತಿದ್ದರು. 'ನಮ್ಮೂರ ಬಸ್ಸು' ಎಂದು ನಾವು ಪ್ರೀತಿಯಿಂದ ಕರೆಯುವುದು ಹತ್ತು ವರ್ಷದಲ್ಲಿ ಬಂದುಹೋದ ನಾಲ್ಕಾರು ಗಾಡಿಗಳನ್ನು. ಒಂದರ ಮೂತಿ, ಇನ್ನೊಂದರ ಬಾಲ ನೆನಪಿನಲ್ಲಿ ಕೂಡಿಕೊಂಡಿರುತ್ತವೆ. ಎಲ್ಲವನ್ನೂ ಒಂದರಲ್ಲೇ ತುಂಬಬೇಡಿ. ಒಂದು ಗಾಡಿ ಆರಿಸಿ.

ಯಾವ ಸ್ಕೇಲ್ ಚಲೋ?

ನನ್ನ ಮಟ್ಟಿಗೆ 1:24. ಇದರಲ್ಲಿ ಒಂದು ಫೂಟು ಎಂದರೆ ಅರ್ಧ ಇಂಚು. ನಮ್ಮ ಕಡೆ ಬಡಿಗೇರರಿಂದ ಹಿಡಿದು ಬಾಡಿ ಕಟ್ಟುವವರವರೆಗೆ ಎಲ್ಲರ ಬಾಯಲ್ಲೂ ಇರುವುದು ಫೂಟು, ಇಂಚು. "ಸೀಟು ಮೂರು ಫೂಟು" ಎಂದು ಯಾರಾದರೂ ಹೇಳಿದರೆ ಒಂದೂವರೆ ಇಂಚು ಎಂದು ಅಲ್ಲೇ ಬರೆದುಕೊಳ್ಳಬಹುದು. ಸುಮಾರು 35 ಫೂಟಿನ ಬಸ್ಸು ಹದಿನೇಳೂವರೆ ಇಂಚಿಗೆ ಬರುತ್ತದೆ, ಕಪಾಟಿನಲ್ಲಿ ಕೂರುತ್ತದೆ, ಒಳಗಿನ ಸೀಟು ಕೈಯಿಂದ ಮಾಡಲು ಸಾಧ್ಯವಾಗುತ್ತದೆ. 1:12 ಲೆಕ್ಕಕ್ಕೆ ಇನ್ನೂ ಸುಲಭ, ಆದರೆ ಸುಮಾರು ಮೂರು ಫೂಟಿನ ಬಸ್ಸನ್ನು ಇಡುವುದೆಲ್ಲಿ? 1:43, 1:76 ಎಲ್ಲ ಕಣ್ಣು ಚುರುಕಿರುವವರಿಗೆ. ಅಷ್ಟು ಸಣ್ಣದರಲ್ಲಿ ಬೋರ್ಡಿನ ಕನ್ನಡ ಅಕ್ಷರ ಓದಲು ಬರುವುದಿಲ್ಲ. ಓದಲಾಗದ ಬೋರ್ಡು ನನಗೆ ಬೇಡ.

ಡ್ರಾಯಿಂಗ್ ಇಲ್ಲ. ಅಳತೆ ಎಲ್ಲಿಂದ ತರಬೇಕು?

ಇದೇ ಇಡೀ ಕೆಲಸದ ಬೆನ್ನುಮೂಳೆ, ಸ್ವಲ್ಪ ನಿಧಾನವಾಗಿ ಓದಿ.

ಟಾಟಾ, ಲೇಲ್ಯಾಂಡ್ ಕಂಪನಿಗಳು ಸಂಸ್ಥೆಗೆ ಕೊಡುತ್ತಿದ್ದದ್ದು ಬರೀ ಚಾಸಿ: ಎಂಜಿನ್, ಗಾಲಿ, ಸ್ಟೇರಿಂಗ್. ಮೇಲಿನ ಬಾಡಿಯನ್ನು ಸಂಸ್ಥೆಯ ವರ್ಕ್‌ಶಾಪಿನಲ್ಲೋ ಹೊರಗಿನ ಬಾಡಿ ಬಿಲ್ಡರ್ ಹತ್ತಿರವೋ ಕಟ್ಟಿಸುತ್ತಿದ್ದರು. ಹುಬ್ಬಳ್ಳಿಯ ಪ್ರಾದೇಶಿಕ ಕಾರ್ಯಾಗಾರದಲ್ಲಿ ಬಾಡಿ ಕಟ್ಟುವ ಕೆಲಸ ನಡೆದಿದೆ. ಆದ್ದರಿಂದ ಬಾಡಿಯ ಅಳತೆ ಗಾಡಿಯಿಂದ ಗಾಡಿಗೆ ಅಷ್ಟಿಷ್ಟು ಬೇರೆ, ಆದರೆ ಚಾಸಿಯದು ಸ್ಥಿರ. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಇರುವ ದೂರವೇ ವೀಲ್‌ಬೇಸ್. ಲೇಲ್ಯಾಂಡ್ ವೈಕಿಂಗ್ ಬಸ್ಸಿಗೆ 222 ಇಂಚು, ಟಾಟಾ ಬಸ್ಸಿಗೆ 205 ಇಂಚು ಎಂಬುದು ಡಿಪೋಗಳಲ್ಲಿ ಬಾಯಿಪಾಠವಾಗಿರುವ ಲೆಕ್ಕ. 1:24ರಲ್ಲಿ ವೈಕಿಂಗಿಗೆ ಒಂಬತ್ತೂಕಾಲು ಇಂಚು, ಅಂದರೆ 235 ಮಿ.ಮೀ.; ಟಾಟಾಕ್ಕೆ ಸುಮಾರು 217 ಮಿ.ಮೀ.

ಈಗ ಬದಿಯಿಂದ ನೇರವಾಗಿ ತೆಗೆದ ಒಂದು ಫೋಟೋ ಹಿಡಿಯಿರಿ. ಅದರಲ್ಲಿ ವೀಲ್‌ಬೇಸ್ ಅಳೆಯಿರಿ. 94 ಮಿ.ಮೀ. ಬಂತು ಎನ್ನೋಣ. 235ನ್ನು 94ರಿಂದ ಭಾಗಿಸಿದರೆ 2.5. ಇನ್ನು ಆ ಫೋಟೋದಲ್ಲಿ ಏನೇ ಅಳೆದರೂ ಎರಡೂವರೆ ಪಟ್ಟು ಮಾಡಿದರೆ ಮಾಡೆಲ್ಲಿನ ಅಳತೆ ಸಿಕ್ಕಿತು. ಕಿಟಕಿ 13 ಮಿ.ಮೀ. ಇದ್ದರೆ ಮಾಡೆಲ್ಲಿಗೆ 32.5. ಎಲ್ಲ ಕಿಟಕಿಯನ್ನೂ ಬೇರೆ ಬೇರೆ ಅಳೆಯಿರಿ. ಬಾಗಿಲ ಪಕ್ಕದ್ದು, ಕಡೆಯದು ಉಳಿದವುಗಳಷ್ಟು ಅಗಲ ಇರುವುದಿಲ್ಲ.

ಫೋಟೋ ಓರೆಯಾಗಿದ್ದರೆ ಈ ಲೆಕ್ಕ ನಡೆಯದು. ಆಗ ಗಾಲಿಯನ್ನು ಅಳತೆಗೋಲು ಮಾಡಿಕೊಳ್ಳಿ. ಈ ಬಸ್ಸುಗಳ 9.00-20 ಅಳತೆಯ ಟೈರಿನ ಎತ್ತರ ಒಂದು ಮೀಟರಿಗಿಂತ ಕೂದಲೆಳೆ ಹೆಚ್ಚು, ಸುಮಾರು 1,018 ಮಿ.ಮೀ. ಮುಂದಿನ ಗಾಲಿಯ ಆಸುಪಾಸಿನ ಎತ್ತರಗಳನ್ನು ಮುಂದಿನ ಗಾಲಿಗೆ, ಹಿಂದಿನವನ್ನು ಹಿಂದಿನ ಗಾಲಿಗೆ ಹೋಲಿಸಿ. ಓರೆ ಫೋಟೋದಿಂದ ಎತ್ತರ ತೆಗೆಯಬಹುದು, ಉದ್ದ ತೆಗೆಯಬೇಡಿ.

ಡಿಪೋಕ್ಕೆ ಹೋಗಿ ಈಗಿನ ಬಸ್ಸು ಅಳೆಯಬಹುದೇ?

ಡಿಪೋ ಮ್ಯಾನೇಜರರ ಅನುಮತಿ ಕೇಳಿ ಹೋಗಿ. ಕೇಳದೆ ಒಳಗೆ ಫೋಟೋ ತೆಗೆಯಬೇಡಿ. ಈಗಿನ ಬಾಡಿ ಬೇರೆಯಾದ್ದರಿಂದ ಅಳತೆಗಿಂತ ಜೋಡಣೆ ನೋಡಲು ಅದು ಉಪಯೋಗ. ಹರಾಜಿನಲ್ಲಿ ಹೋಗಿ ಗುಜರಿಯಲ್ಲಿ ಬಿದ್ದಿರುವ ಹಳೆಯ ಬಾಡಿ ಕಂಡರೆ ಮಾತ್ರ ಟೇಪು ಹಿಡಿದು ಓಡಿ.

ಬಾಡಿಗೆ ಯಾವ ಸಾಮಾನು? ತಗಡಿನಲ್ಲೇ ಮಾಡಲೇ?

ನಾವು ಸಣ್ಣವರಿದ್ದಾಗ ಎಣ್ಣಿ ಡಬ್ಬಿಯ ತಗಡಿನಲ್ಲಿ ಬಸ್ಸು ಮಾಡುತ್ತಿದ್ದೆವು, ಅದರ ಮೇಲೆ ನನಗೂ ಅಕ್ಕರೆ ಇದೆ. ಆದರೆ ಅಳತೆಯ ಮಾಡೆಲ್ಲಿಗೆ ಕಿಟಕಿ ಕತ್ತರಿಸುವಾಗ ತಗಡು ಸೊಟ್ಟಗಾಗುತ್ತದೆ. ಬೋರ್ಡು, ಬ್ಯಾನರ್ ಅಂಗಡಿಯಲ್ಲಿ ಸಿಗುವ 3 ಮಿ.ಮೀ. ಸನ್‌ಬೋರ್ಡ್ ತನ್ನಿ. ಅವರ ಹತ್ತಿರ ಉಳಿದ ತುಂಡುಗಳೇ ಒಂದು ಬಸ್ಸಿಗೆ ಸಾಕು. ಚೂಪಾದ ಬ್ಲೇಡಿನಿಂದ ಎರಡು ಮೂರು ಸಲ ಎಳೆದು ಕತ್ತರಿಸಿ, ಒಂದೇ ಸಲಕ್ಕೆ ಒತ್ತಬೇಡಿ. ಟಾಪಿನ ಬಗ್ಗಿದ ಅಂಚಿಗೆ ಒಳಗಡೆಯಿಂದ ಒಂದರ ಪಕ್ಕ ಒಂದು ಅರ್ಧ ಆಳದ ಗೀರು ಎಳೆದು ನಿಧಾನವಾಗಿ ಬಗ್ಗಿಸಿ. ನಾಲ್ಕು ಮೂಲೆಯ ಗುಂಡಗಿನ ಭಾಗ ಮಾತ್ರ ಮೆದು ಕಟ್ಟಿಗೆಯಲ್ಲಿ ಕೆತ್ತಿ ಕೂರಿಸಿ, ಸಂದಿಗೆ ಗ್ಯಾರೇಜಿನವರು ಬಳಸುವ ಪುಟ್ಟಿ ತುಂಬಿ ಪಾಲಿಶ್ ಪೇಪರಿನಿಂದ ಉಜ್ಜಿ.

ಅಂಟಿಸಲು ಫೆವಿಕ್ವಿಕ್. ಕಿಟಕಿಯ ಗಾಜಿನ ಹತ್ತಿರ ಮಾತ್ರ ಅದನ್ನು ತರಬೇಡಿ, ಅದರ ಆವಿಗೆ ಪಾರದರ್ಶಕ ಹಾಳೆ ಬೆಳ್ಳಗೆ ಮಂಜು ಹಿಡಿಯುತ್ತದೆ. ಗಾಜಿಗೆ ಫೆವಿಕಾಲ್ ಸಾಕು.

ಕಿಟಕಿಯ ಸರಳಿಗೆ ಹಲವರು ಸೈಕಲ್ ಕಡ್ಡಿ ಹಾಕುತ್ತಾರೆ. ನೋಡಲು ಗಟ್ಟಿ, ಆದರೆ ಲೆಕ್ಕ ಹಾಕಿ: 2 ಮಿ.ಮೀ. ಕಡ್ಡಿ ಎಂದರೆ ನಿಜದ ಗಾಡಿಯಲ್ಲಿ 48 ಮಿ.ಮೀ. ದಪ್ಪದ ಕಂಬ! ಒಂದಿಂಚಿನ ಪೈಪಿಗೆ 1 ಮಿ.ಮೀ. ತಂತಿ ಸರಿ. ನಿಚ್ಚಣಿಕೆಗೂ ಅದೇ. ಕೈಗೆ ಸಿಕ್ಕದ್ದನ್ನು ಹಾಕುವ ಮೊದಲು 24ರಿಂದ ಗುಣಿಸಿ ನೋಡುವ ರೂಢಿ ಮಾಡಿಕೊಳ್ಳಿ, ಮಾಡೆಲ್ಲು ತಾನಾಗಿ ಸುಧಾರಿಸುತ್ತದೆ.

ರಿವಿಟ್ಟಿನ ಸಾಲು ಹೇಗೆ ತೋರಿಸುವುದು?

ಹಳೆಯ ಬಸ್ಸಿಗೆ ಕಳೆ ಬರುವುದೇ ರಿವಿಟ್ಟಿನಿಂದ. ಉಕ್ಕಿನ ಚೌಕಟ್ಟಿನ ಮೇಲೆ ಅಲ್ಯೂಮಿನಿಯಂ ಹಾಳೆ ಬಡಿದು ರಿವಿಟ್ ಹೊಡೆಯುತ್ತಿದ್ದರು. ನಾನು ಮಾಡುವ ರೀತಿ ಹೀಗಿದೆ. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯನ್ನು ಕತ್ತರಿಸಿ ಚಪ್ಪಟೆ ಮಾಡಿ, ಹಳೆಯ ರಬ್ಬರ್ ಚಪ್ಪಲಿಯ ಅಟ್ಟೆಯ ಮೇಲೆ ಮಗುಚಿ ಹಾಕುತ್ತೇನೆ. ಪೆನ್ಸಿಲ್ಲಿನಿಂದ ಗೆರೆ ಎಳೆದು, ಶಾಯಿ ಮುಗಿದ ಬಾಲ್‌ಪೆನ್ ರೀಫಿಲ್ಲಿನ ಮೊನೆಯನ್ನು ಗೆರೆಯ ಮೇಲೆ ಊರಿ ಒತ್ತುತ್ತೇನೆ. ಆಚೆ ಬದಿಗೆ ಸಾಸಿವೆಗಿಂತ ಸಣ್ಣ ಗುಬ್ಬಿ ಏಳುತ್ತದೆ. ಜೋರಾಗಿ ಒತ್ತಿದರೆ ಹಾಳೆ ಹರಿಯುತ್ತದೆ, ಮೆಲ್ಲಗೆ ಒತ್ತಿದರೆ ಬಣ್ಣದಲ್ಲಿ ಮುಚ್ಚಿಹೋಗುತ್ತದೆ. ಒಂದು ತುಂಡಿನ ಮೇಲೆ ಕೈ ಪಳಗಿಸಿಕೊಂಡು ಆಮೇಲೆ ನಿಜದ ಹಾಳೆಗೆ ಹೋಗಿ. ಅಂತರ ಒಂದೇ ಸಮ ಬರಲು ಪಕ್ಕದಲ್ಲಿ ಉಕ್ಕಿನ ಸ್ಕೇಲ್ ಇಟ್ಟುಕೊಳ್ಳಿ. ಟೇಲರುಗಳು ಬಟ್ಟೆಯ ಮೇಲೆ ಗುರುತು ಹಾಕಲು ಬಳಸುವ ಮುಳ್ಳಿನ ಗಾಲಿಯೂ ನಡೆಯುತ್ತದೆ, ಆದರೆ ಅದರ ಚುಕ್ಕಿ ನನ್ನ ಕಣ್ಣಿಗೆ ತೀರಾ ಒತ್ತೊತ್ತು.

ಹಾಳೆಯನ್ನು ಸನ್‌ಬೋರ್ಡಿಗೆ ಅಂಟಿಸುವ ಮೊದಲು ಡಬ್ಬಿಯ ಒಳಗಿನ, ಹೊರಗಿನ ಲೇಪವನ್ನು ಪಾಲಿಶ್ ಪೇಪರಿನಿಂದ ಉಜ್ಜಿ ಮಂಕು ಮಾಡಿ. ಇಲ್ಲದಿದ್ದರೆ ಅಂಟೂ ಹಿಡಿಯದು, ಬಣ್ಣವೂ ಹಿಡಿಯದು.

ಗಾಲಿ ಎಲ್ಲಿ ಸಿಗುತ್ತವೆ?

9.00-20 ಟೈರು 1:24ರಲ್ಲಿ 42 ಮಿ.ಮೀ. ಚಿಲ್ಲರೆ. ಆಟಿಕೆ ಲಾರಿಯ ಗಾಲಿ ಈ ಅಳತೆಗೆ ಸಿಕ್ಕರೆ ತೆಗೆದುಕೊಳ್ಳಿ, ಹಿಂದೆ ಜೋಡಿ ಗಾಲಿ ಬೇಕು ಎಂಬುದನ್ನು ಮರೆಯಬೇಡಿ, ಒಟ್ಟು ಆರು. ಸಿಗದಿದ್ದರೆ ಬೆಳಗಾವಿ ಇದೆ. ಉದ್ಯಮಬಾಗದಲ್ಲಿ ಫೌಂಡ್ರಿ, ಲೇತ್ ಕೆಲಸದವರಿಗೆ ಬರವಿಲ್ಲ. ಡಿಸ್ಕಿನ ನಕ್ಷೆ ಬರೆದುಕೊಂಡು ಹೋದರೆ ಅಲ್ಯೂಮಿನಿಯಂ ಸರಳಿನಿಂದ ತಿರುವಿ ಕೊಡುವವರು ಸಿಗುತ್ತಾರೆ. ದೊಡ್ಡ ಕೆಲಸದ ನಡುವೆ ಹೋಗಿ ಅವಸರ ಮಾಡಬೇಡಿ. ಇದು ಯಾವ ಬಸ್ಸು, ಯಾವ ಊರಿನದು ಎಂದು ಹೇಳಿ. ಊರಿನ ಗಾಡಿ ಎಂದು ತಿಳಿದ ಮೇಲೆ ಅವರ ಕೈಯ ಹದವೇ ಬೇರೆಯಾಗುತ್ತದೆ.

ಗಾಲಿಗಿಂತ ಗಾಡಿ ನಿಲ್ಲುವ ಭಂಗಿ ಮುಖ್ಯ. ನಮ್ಮ ವಸ್ತಿ ಗಾಡಿಗಳು ನೆಟ್ಟಗೆ ನಿಂತದ್ದು ಕಡಿಮೆ. ವರ್ಷಗಟ್ಟಲೆ ಭಾರ ಹೊತ್ತು ಪಾಟಾ (ಗಾಲಿಯ ಮೇಲಿನ ಸ್ಪ್ರಿಂಗ್ ಪಟ್ಟಿ) ಕುಗ್ಗಿ, ಜನ ಜೋತುಬೀಳುವ ಬಾಗಿಲ ಕಡೆಗೆ ತುಸು ವಾಲಿರುತ್ತಿದ್ದವು. ಮಾಡೆಲ್ಲಿನಲ್ಲಿ ಎಡ ಹಿಂದಿನ ಮೂಲೆಯನ್ನು ಒಂದೇ ಒಂದು ಮಿಲಿಮೀಟರ್ ಇಳಿಸಿ ನೋಡಿ. ನಿಜದ ಗಾಡಿಯ ಲೆಕ್ಕಕ್ಕೆ ಅದು ಹತ್ತಿರ ಹತ್ತಿರ ಒಂದಿಂಚು. ಅಷ್ಟಕ್ಕೇ ಗಾಡಿಗೆ ಜೀವ ಬರುತ್ತದೆ.

ಕೆಂಪು ಬಣ್ಣ ಯಾವುದು? ಅಂಗಡಿಯವನು ನಾಲ್ಕು ಕೆಂಪು ತೋರಿಸುತ್ತಾನೆ.

ಹಳೆಯ ಕಲರ್ ಫೋಟೋ ನೋಡಿ ಬಣ್ಣ ಆರಿಸಬೇಡಿ. ಆ ಪ್ರಿಂಟುಗಳಲ್ಲಿ ನೀಲಿ-ಹಸಿರಿನ ಅಂಶ ಮಾಸಿ ಇಡೀ ಚಿತ್ರ ಕೆಂಪಿಗೆ ತಿರುಗಿರುತ್ತದೆ. ಫೋಟೋದಲ್ಲಿ ಬಿಳಿ ಧೋತರ, ಬಿಳಿ ಟೊಪ್ಪಿಗೆ ಹಾಕಿದವರು ನಿಂತಿದ್ದಾರೆಯೇ ಹುಡುಕಿ, ನಮ್ಮ ಕಡೆಯ ಫೋಟೋದಲ್ಲಿ ಒಬ್ಬರಾದರೂ ಇರುತ್ತಾರೆ. ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಆ ಧೋತರ ಬೆಳ್ಳಗೆ ಕಾಣುವವರೆಗೆ ಬಣ್ಣ ಸರಿಮಾಡಿ. ಆಗ ಬಸ್ಸಿನ ಕೆಂಪು ನಿಜಕ್ಕೆ ಹತ್ತಿರ ಬರುತ್ತದೆ. ಗುಜರಿಯಲ್ಲಿ ಸಿಕ್ಕ ತುಂಡಿದ್ದರೆ ಮೇಲ್ಮೈ ನೋಡಬೇಡಿ, ಬಿಸಿಲಿಗೆ ಮಾಸಿರುತ್ತದೆ. ಪಟ್ಟಿಯ ಕೆಳಗೆ ಮುಚ್ಚಿಹೋದ ಜಾಗವನ್ನು ಬಿಚ್ಚಿ ನೋಡಿ.

ತಿಳಿ ಬಣ್ಣ ಮೊದಲು ಹೊಡೆದು, ಟೇಪು ಹಚ್ಚಿ, ಆಮೇಲೆ ಕೆಂಪು. ಕೆಂಪಿನ ಕೆಳಗೆ ಬೂದು ಪ್ರೈಮರ್ ಇದ್ದರೆ ಬಣ್ಣ ಮಂಕಾಗುತ್ತದೆ, ಬಿಳಿ ಪ್ರೈಮರ್ ಹಾಕಿ. ಥಿನ್ನರ್ ಇರುವ ಸ್ಪ್ರೇ ಸನ್‌ಬೋರ್ಡನ್ನು ತಿನ್ನಬಹುದು, ತುಂಡಿನ ಮೇಲೆ ಪರೀಕ್ಷಿಸದೆ ಮುಟ್ಟಬೇಡಿ.

ಊರಿನ ಹವೆಯನ್ನೂ ನೋಡಬೇಕು. ವಿಜಯಪುರದ ಏಪ್ರಿಲ್, ಮೇ ಬಿಸಿಲಿನಲ್ಲಿ ಮಧ್ಯಾಹ್ನ ಸ್ಪ್ರೇ ಹೊಡೆದರೆ ಬಣ್ಣ ಗಾಳಿಯಲ್ಲೇ ಒಣಗಿ ಮೇಲ್ಮೈ ರವೆಯಂತೆ ತರಿತರಿಯಾಗುತ್ತದೆ. ಬೆಳಗ್ಗೆ ಬೇಗ ಹೊಡೆಯಿರಿ. ಬೆಳಗಾವಿ, ಖಾನಾಪುರದ ಕಡೆ ಮಳೆಗಾಲದಲ್ಲಿ ಇದರ ತದ್ವಿರುದ್ಧ, ಗಾಳಿಯ ತೇವಕ್ಕೆ ಲ್ಯಾಕರ್ ಬೆಳ್ಳಗೆ ಮಬ್ಬಾಗುತ್ತದೆ. ದೀಪಾವಳಿಯ ನಂತರ ಮೂರೂ ಜಿಲ್ಲೆಯವರಿಗೆ ಒಳ್ಳೆಯ ಕಾಲ.

ಕನ್ನಡ ಅಕ್ಷರ ಬರೆಯುವುದೇ ಕಷ್ಟ. ಸ್ಟಿಕ್ಕರ್ ಮಾಡಿಸಬಹುದೇ?

ಮಾಡಿಸಬಹುದು, ಆದರೆ ಕಂಪ್ಯೂಟರಿನ ಫಾಂಟ್ ಬಳಸಬೇಡಿ. ಆ ಬರಹಗಳನ್ನು ಪೇಂಟರುಗಳು ಕುಂಚದಿಂದ ಬರೆದಿದ್ದರು. ತಲೆಕಟ್ಟು ದಪ್ಪ, ಒತ್ತಕ್ಷರ ಇಕ್ಕಟ್ಟು, ಜಾಗ ಸಾಲದಾದಾಗ ಕಡೆಯ ಅಕ್ಷರ ಕಿರಿದು. ಅಚ್ಚುಕಟ್ಟಾದ ಫಾಂಟ್ ಹಾಕಿದ ಕೂಡಲೇ 1980ರ ಬಸ್ಸು ನಿನ್ನೆ ಮೊನ್ನೆಯದಾಗುತ್ತದೆ. ಫೋಟೋದಿಂದ ಅಕ್ಷರವನ್ನು ದೊಡ್ಡದು ಮಾಡಿ ಟ್ರೇಸ್ ಮಾಡಿಕೊಳ್ಳಿ. ಹಳೆಯ ಪೇಂಟರ್ ಒಬ್ಬರು ಊರಿನಲ್ಲಿದ್ದರೆ ದೊಡ್ಡ ಹಾಳೆಯ ಮೇಲೆ ಅವರಿಂದಲೇ ಬರೆಸಿ ಸಣ್ಣದು ಮಾಡಿ. ನನಗೆ ಇದಕ್ಕಿಂತ ಒಳ್ಳೆಯ ದಾರಿ ಕಂಡಿಲ್ಲ.

ಆರಿಂಚಿನ ಬೋರ್ಡಿನ ಅಕ್ಷರ ಮಾಡೆಲ್ಲಿನಲ್ಲಿ ಕಾಲಿಂಚು, ಇದನ್ನು ರೇಡಿಯಂ ಕಟಿಂಗ್ ಅಂಗಡಿಯವರು ಕಷ್ಟಪಟ್ಟಾದರೂ ಕತ್ತರಿಸಿ ಕೊಡುತ್ತಾರೆ. ಅದಕ್ಕಿಂತ ಸಣ್ಣದಕ್ಕೆ ಒತ್ತಕ್ಷರ ಕಿತ್ತುಬರುತ್ತದೆ. ಅಲ್ಲಿ ನೀರಿನಲ್ಲಿ ನೆನೆಸಿ ಜಾರಿಸುವ ಡೆಕಲ್ ಪೇಪರ್ ಬೇಕು. ಸಾಮಾನ್ಯ ಪ್ರಿಂಟರಿಗೆ ಬಿಳಿ ಬಣ್ಣ ಬರುವುದಿಲ್ಲ. ಕೆಂಪಿನ ಮೇಲೆ ಬಿಳಿ ಅಕ್ಷರ ಬೇಕಾದರೆ ಬಿಳಿ ಡೆಕಲ್ ಪೇಪರಿನ ಮೇಲೆ ಕೆಂಪು ಹಿನ್ನೆಲೆ ಪ್ರಿಂಟ್ ಮಾಡಿ ಅಕ್ಷರದ ಜಾಗ ಖಾಲಿ ಬಿಡಿ.

ಮಾರ್ಗದ ಬೋರ್ಡು ಸರಿಯಾಗಿ ಬರೆಯಿರಿ. ಬಾಗಲಕೋಟೆಯಿಂದ ಬಿಜಾಪುರಕ್ಕೆ ಬೀಳಗಿ, ಕೊಲ್ಹಾರದ ಮೇಲೆ ಹೋಗುವ ಗಾಡಿ ಎಂದರೆ ಆ ಊರುಗಳು ಬರಲೇಬೇಕು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು, ಕೃಷ್ಣೆಯ ದಂಡೆಯ ಎಷ್ಟೋ ಹಳ್ಳಿಗಳು ಮುಳುಗಿವೆ. ಮುಳುಗಿದ ಊರಿನ ಹೆಸರು ಬರೆದ ಬೋರ್ಡನ್ನು ಅದೇ ಊರಿನವರು ಬೆರಳಿನಿಂದ ಸವರಿ ನೋಡುತ್ತಾರೆ, ಒಂದು ಅಕ್ಷರವೂ ತಪ್ಪಬಾರದು.

ಒಳಗಡೆ ಎಷ್ಟು ಮಾಡಬೇಕು? ಹೊರಗಿನಿಂದ ಕಾಣುವುದೇ ಇಲ್ಲವಲ್ಲ.

ಕಾಣುತ್ತದೆ. ಜನ ಮೊದಲು ಬಗ್ಗಿ ನೋಡುವುದೇ ಕಿಟಕಿಯೊಳಗೆ, ತಾವು ಕೂರುತ್ತಿದ್ದ ಸೀಟು ಹುಡುಕಲು. ಮೂರು-ಎರಡರ ಸೀಟಿನ ಸಾಲು, ಕಡೆಯ ಉದ್ದ ಸೀಟು, ಡ್ರೈವರ್ ಪಕ್ಕದ ಬಾನೆಟ್ ಇಷ್ಟು ಬೇಕೇ ಬೇಕು. ಚಳಿಗಾಲದ ನಸುಕಿನಲ್ಲಿ ಬಾನೆಟ್ಟಿನ ಮೇಲೆ ಕೂರಲು ಎಷ್ಟು ಪೈಪೋಟಿ ಇತ್ತು! ಅದರ ಮೇಲೆ ಹಾಸಿದ ಗೋಣಿ ತಟ್ಟನ್ನೂ ಮಾಡಿ. 'ಮಹಿಳೆಯರಿಗೆ ಮಾತ್ರ', 'ಧೂಮಪಾನ ನಿಷೇಧಿಸಲಾಗಿದೆ', ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಡ್ರೈವರ್ ತಲೆಯ ಮೇಲಿನ ದೇವರ ಫೋಟೋ. ಸೀಟು ಹಿಡಿಯಲು ಕಿಟಕಿಯಿಂದ ಒಳಗೆ ಹಾಕಿದ ಟವೆಲ್ ಒಂದು ಇರಲಿ.

ಟಾಪಿನ ಮೇಲೆ ಏನಿಡಬೇಕು?

ನಿಮ್ಮ ಊರಿನಿಂದ ಏನು ಹೋಗುತ್ತಿತ್ತೋ ಅದನ್ನೇ. ಇಂಡಿ ಕಡೆಯದಾದರೆ ಲಿಂಬೆಹಣ್ಣಿನ ಬುಟ್ಟಿ, ಮಹಾಲಿಂಗಪುರದ ಕಡೆಯದಾದರೆ ಬೆಲ್ಲದ ಪೆಂಟೆ, ಇಳಕಲ್ಲಿನ ಗಾಡಿಗೆ ಸೀರೆಯ ಗಂಟು. ಜೋಳದ ಚೀಲ, ಒಂದು ಸೈಕಲ್ಲು ಎಲ್ಲ ಕಡೆಗೂ ನಡೆಯುತ್ತದೆ. ಚೀಲಕ್ಕೆ ನಿಜವಾದ ಗೋಣಿ ತಟ್ಟು ಹಾಕಬೇಡಿ, ಅದರ ನೇಯ್ಗೆ ಈ ಅಳತೆಗೆ ಮೀನಿನ ಬಲೆಯಷ್ಟು ದೊಡ್ಡದಾಗಿ ಕಾಣುತ್ತದೆ. ತೆಳುವಾದ ಮಲ್‌ಮಲ್ ಬಟ್ಟೆಯನ್ನು ಚಹಾದ ನೀರಿನಲ್ಲಿ ಅದ್ದಿ ಬಳಸಿ. ಒಳಗೆ ರವೆಯೋ ಜೋಳವೋ ತುಂಬಿದರೆ ಹುಳ ಬೀಳುತ್ತದೆ, ಸಣ್ಣ ಮರಳು ತುಂಬಿ.

ಹೊಸದರಂತೆ ಹೊಳೆಯಲಿ ಎಂದು ಮನೆಯವರು ಹೇಳುತ್ತಾರೆ. ಧೂಳು ಬೇಕೇ?

ಬೇಕು. ನಾವು ಪ್ರೀತಿಸಿದ್ದು ಧೂಳು ಹಿಡಿದ ಬಸ್ಸನ್ನು. ಬಣ್ಣದ ಡಬ್ಬಿಯ ಕಂದು ಬೇಡ, ಆ ದಾರಿಯ ಮಣ್ಣನ್ನೇ ತನ್ನಿ. ಬಾಗಲಕೋಟೆ, ವಿಜಯಪುರದ ಎರಿ ಭೂಮಿಯ ಧೂಳು ಬೂದುಗಪ್ಪು. ಖಾನಾಪುರದ ಕಡೆಯದು ಕೆಂಪು. ಬಾದಾಮಿ ಸುತ್ತಿನ ಮಸಾರಿಯದು ಇನ್ನೊಂದು ಬಗೆಯ ಕೆಂಪು. ಒಣಗಿಸಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿದು, ಮ್ಯಾಟ್ ವಾರ್ನಿಶ್ ಒದ್ದೆಯಿರುವಾಗ ಮೆದು ಕುಂಚದಿಂದ ಉದುರಿಸಿ.

ಎಲ್ಲ ಕಡೆ ಸಮನಾಗಿ ಬಳಿಯಬೇಡಿ. ಓಡುವ ಬಸ್ಸಿನ ಹಿಂದೆ ಗಾಳಿ ಸುಳಿಸುತ್ತಿ ಧೂಳನ್ನು ಒಳಗೆಳೆಯುತ್ತದೆ, ಹಾಗಾಗಿ ಹಿಂಭಾಗವೇ ಎಲ್ಲಕ್ಕಿಂತ ಹೊಲಸು. ಆಮೇಲೆ ಹಿಂದಿನ ಗಾಲಿಯ ಸುತ್ತ, ಮೆಟ್ಟಿಲ ಮೇಲೆ. ಮುಂದಿನ ಗಾಜಿನ ಮೇಲೆ ವೈಪರ್ ಓಡಿದ ಅರ್ಧಚಂದ್ರ ಸ್ವಚ್ಛ ಬಿಡಿ. ಬಾಗಿಲ ಹಿಡಿಕೆಯ ಹತ್ತಿರ ಕೈ ತಾಗಿ ತಾಗಿ ಬಣ್ಣ ಸವೆದು ಲೋಹ ಕಾಣಬೇಕು. ಕಿಟಕಿಯ ಕೆಳಗೆ ಎಲಿ-ಅಡಿಕಿ ಉಗುಳಿದ ಕೆಂಪು ಗೆರೆ ಹಾಕಬೇಕೇ ಬೇಡವೇ ಎಂದು ಕೇಳುತ್ತಾರೆ. ಇದ್ದದ್ದು ಖರೆ, ನಾನು ಒಂದೆರಡು ಹಾಕುತ್ತೇನೆ.

ದೀಪ ಹತ್ತುವಂತೆ ಮಾಡಬಹುದೇ?

ಮಾಡಬಹುದು. ಹಳೆಯ ಏಳಿಂಚಿನ ಗುಂಡು ಹೆಡ್‌ಲೈಟ್ ಮಾಡೆಲ್ಲಿನಲ್ಲಿ 7.4 ಮಿ.ಮೀ. ಬರುತ್ತದೆ, ಹಿಂದೆ 3 ಮಿ.ಮೀ. ಎಲ್‌ಇಡಿ ಕೂರುತ್ತದೆ. 9 ವೋಲ್ಟ್ ಬ್ಯಾಟರಿಗೆ ಒಂದೊಂದು ಎಲ್‌ಇಡಿಗೂ 330 ಓಮ್ ರೆಸಿಸ್ಟರ್ ಹಾಕಿ. ಹಳದಿ ಬೆಳಕಿನದನ್ನೇ ಕೇಳಿ ತನ್ನಿ, ಬಿಳಿ ಬೆಳಕು ಆ ಕಾಲದ್ದಲ್ಲ.

ಎಲ್ಲವನ್ನೂ ತ್ರೀಡಿ ಪ್ರಿಂಟ್ ಮಾಡಿಸಿದರೆ ಆಗದೇ?

ಸೀಟು, ಗಾಲಿಯ ಡಿಸ್ಕು, ಸ್ಟೇರಿಂಗ್ ಇಂಥ ಒಂದೇ ತರಹದ ಹಲವು ತುಂಡುಗಳಿಗೆ ಮಾಡಿಸಿ, ತಪ್ಪೇನಿಲ್ಲ. ಇಡೀ ಬಾಡಿ ಬೇಡ. ಕೈಯಿಂದ ಬಡಿದು ಕಟ್ಟಿದ ಬಾಡಿಯ ಹಾಳೆ ಎಲ್ಲೋ ಒಂದು ಕಡೆ ತಗ್ಗು, ಒಂದು ಕಡೆ ಉಬ್ಬು ಇರುತ್ತದೆ. ಅದು ಕೈಯಲ್ಲೇ ಬರಬೇಕು.

ನಾವು ನಿಪ್ಪಾಣಿಯವರು, ನಮಗೆ ನೆನಪಿರುವುದು ಮಹಾರಾಷ್ಟ್ರದ ಎಸ್‌ಟಿ (ಅಲ್ಲಿನ ಸರ್ಕಾರಿ ಬಸ್ಸು).

ಅದನ್ನೇ ಮಾಡಿ. ನಿಪ್ಪಾಣಿ, ಚಿಕ್ಕೋಡಿ, ಅಥಣಿಯ ಹುಡುಗರು ಕೊಲ್ಲಾಪುರ, ಸಾಂಗಲಿಯ ಎಸ್‌ಟಿ ನೋಡಿಯೇ ಬೆಳೆದವರು. ಚಾಸಿಯ ಲೆಕ್ಕ ಅದೇ, ಬಾಡಿ ಬೇರೆ. ಅವರ ಬಾಡಿಗಳು ಪುಣೆಯ ದಾಪೋಡಿಯಂಥ ಅವರದೇ ಕಾರ್ಯಾಗಾರಗಳಲ್ಲಿ ತಯಾರಾದವು. ಕಿಟಕಿಯ ಆಕಾರ, ಮುಂಭಾಗದ ಇಳಿಜಾರು ನಮ್ಮದರಿಂದ ತೆಗೆದುಕೊಳ್ಳಬೇಡಿ.

ನಮ್ಮ ಅಪ್ಪಾಜಿ ಡ್ರೈವರ್ ಆಗಿದ್ದರು. ಮುಗಿದ ಮೇಲೆ ತೋರಿಸಬೇಕೋ, ನಡುವೆಯೇ ತೋರಿಸಬೇಕೋ?

ನಡುವೆಯೇ. ಬಣ್ಣ ಹಚ್ಚುವ ಮೊದಲು ಒಮ್ಮೆ, ಒಳಗಿನ ಕೆಲಸ ಮುಚ್ಚುವ ಮೊದಲು ಒಮ್ಮೆ. ಟಾಪು ಅಂಟಿಸಿದ ಮೇಲೆ "ಗೇರ್ ಲಿವರ್ ಇಷ್ಟು ನೆಟ್ಟಗ ಇರಲಿಲ್ಲೋ" ಎಂದರೆ ಏನೂ ಮಾಡಲಾಗದು. ಕಣ್ಣು ಮಂಜಾಗಿದ್ದರೆ ಕೈಗೆ ಕೊಟ್ಟು ಮುಟ್ಟಿಸಿ. ಹಾರ್ನು ಎಲ್ಲಿತ್ತು ಎಂಬುದನ್ನು ಅವರ ಬಲಗೈ ತಾನೇ ಹೋಗಿ ತೋರಿಸುತ್ತದೆ. ಅವರಿಗೆ ಒಂದು ಸಣ್ಣ ಕೆಲಸವನ್ನೂ ಕೊಡಿ, ಕಡೆಯ ಪಕ್ಷ ನಂಬರ್ ಪ್ಲೇಟು ಅಂಟಿಸುವುದು.

ಮುಗಿದ ಮೇಲೆ ಹೇಗೆ ಇಡಬೇಕು?

ಗಾಜಿನ ಪೆಟ್ಟಿಗೆ ಮಾಡಿಸಿ. ನಮ್ಮ ಕಡೆಯ ಧೂಳಿಗೆ ಬಯಲಲ್ಲಿಟ್ಟ ಮಾಡೆಲ್ ಒಂದು ಬೇಸಿಗೆಯಲ್ಲೇ ಹಾಳಾಗುತ್ತದೆ, ನೀವು ಹಾಕಿದ ಧೂಳೂ ಬಂದು ಕೂತ ಧೂಳೂ ಬೇರೆಯಾಗಿ ಕಾಣುವುದಿಲ್ಲ. ನೇರ ಬಿಸಿಲು ಬೀಳುವ ಗೋಡೆ ಬೇಡ, ಕೆಂಪು ಬೇಗ ಮಾಸುತ್ತದೆ, ಸನ್‌ಬೋರ್ಡು ಬಗ್ಗುತ್ತದೆ. ಪತ್ರಾಸಿನ ಮನೆಯಾದರೆ ಅಟ್ಟದ ಮೇಲೆ ಇಡಬೇಡಿ. ದೀಪ ಹಾಕಿದ್ದರೆ ಬ್ಯಾಟರಿ ಬಿಚ್ಚಿಡಿ, ಸೋರಿದರೆ ತಂತಿಯೆಲ್ಲ ತಿಂದುಹಾಕುತ್ತದೆ. ಹುಳ ಬರದಿರಲಿ ಎಂದು ಪೆಟ್ಟಿಗೆಯೊಳಗೆ ಡಾಂಬರು ಗುಳಿಗೆ ಹಾಕುವವರಿದ್ದಾರೆ. ಅದರ ಆವಿಗೆ ಕೆಲವು ಪ್ಲಾಸ್ಟಿಕ್ಕು ಮೆತ್ತಗಾಗಿ ಅಂಟಂಟಾಗುತ್ತದೆ, ಒಣಗಿದ ಬೇವಿನ ಎಲೆ ಸಾಕು. ಪೆಟ್ಟಿಗೆಯ ಅಡಿಗೆ ಒಂದು ಚೀಟಿ ಅಂಟಿಸಿ: ಯಾವ ಮಾರ್ಗ, ಯಾವ ಇಸವಿ, ಯಾರ್‍ಯಾರು ಹೇಳಿದ್ದನ್ನು ಕೇಳಿ ಮಾಡಿದ್ದು ಎಂದು ಅವರ ಹೆಸರುಗಳೊಂದಿಗೆ.